ದೀಪದ ಮಸಿ

ಕಣ್ಣಿಗೆ ಹೊಡೀತುಟ್ಟು ಮಾರಾಯ್ತಿ, ಅದರ ಮೇಲೆ ಎಂತಾರ್ ಹಾಕ್ — ತೀರ್ಥಪ್ರಸಾದ್ ಜೀಪಿನ ಸ್ಟೇರಿಂಗ್ ಹಿಡಿದುಕೊಂಡೇ ಕಣ್ಣು ಕಿರಿದು ಮಾಡುತ್ತಾನೆ, ನನ್ನ ಮಡಿಲಲ್ಲಿರುವ ತೂಗುದೀಪದಿಂದ ಬಿಸಿಲು ಗಾಜಿಗೆ, ಗಾಜಿನಿಂದ ಅವನ ಕಣ್ಣಿಗೆ, ಹೊಡೆಯಲಿ, ನಾನೇನು ಮಾಡಲಿ, ನಿನ್ನೆಯವರೆಗೆ ಈ ದೀಪ ಯಾವ ಬಿಸಿಲಿಗಿಟ್ಟರೂ ಮಿಣ್ಣೆನ್ನುತ್ತಿರಲಿಲ್ಲ, ಬಾಣಲೆಯ ತಳದ ಹಾಗೆ ಕಪ್ಪಗಿತ್ತು, ಎಷ್ಟು ಚೆಂದ ಕಪ್ಪಗಿತ್ತು, ಈಗ ನೋಡಿದರೆ ಮದುವೆಗೆ ಉಡುಗೊರೆ ಕೊಡಲು ಅಂಗಡಿಯಿಂದ ತಂದ ಹಾಗಿದೆ. ತೀರ್ಥ ನನ್ನ ದೊಡ್ಡಪ್ಪನ ಮಗ, ದೀಪ ಅವನ ಮನೆಯದು, ಅಂದರೆ ಸಂಪಾಜೆಯ ನಮ್ಮೆಲ್ಲರ ಹಿರೀಮನೆಯದು, ಅದನ್ನು ಹುಣಸೆಹುಳಿ ಹಾಕಿ ತಿಕ್ಕಿ ತೊಳೆದದ್ದು ಅವನ ಅವ್ವ, ನನ್ನ ಯಮುನ ದೊಡ್ಡಮ್ಮ, ಇವತ್ತೇ, ನಾನು ಬಂದು ಮುಟ್ಟುವ ಸ್ವಲ್ಪ ಮೊದಲು. ದೇವರೇ, ಬಸ್ಸು ಒಂದಿಷ್ಟು ಬೇಗ ಬಂದಿದ್ದರೆ. ಅಂಗಳ ದಾಟುವಾಗ ಕಂಡೆನಲ್ಲ, ದೊಡ್ಡಮ್ಮ ಬೇಸಿನ್ ಹಿಡಿದು ಸಂಪಿಗೆ ಮರದ ಬುಡಕ್ಕೆ ಹೋಗುತ್ತಿದ್ದಳು, ಕೈಯೆಲ್ಲ ಕಪ್ಪು, ಹೆಬ್ಬೆರಳಂತೂ ಉಗುರೇ ಕಾಣದಷ್ಟು ಕಪ್ಪು, ಅಡಿಗೆಮನೆಯ ಕೆಲಸ ಅಂದುಕೊಂಡು ನಕ್ಕೆ, ನಕ್ಕೆನಲ್ಲ.

ಮ್ಯೂಸಿಯಂ ಓದುವುದು ಅಂದರೇನು ಎಂದು ಎರಡು ವರ್ಷದಿಂದ ಊರಿಗೆಲ್ಲ ಹೇಳಿ ಹೇಳಿ ನಾಲಿಗೆ ಸವೆದಿದೆ. ಬಿ.ಎಡ್. ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎಂ.ಎ. ಮಾಡಿ ಹಳೇ ಸಾಮಾನಿನ ದೂಳು ಹೊಡೆಯಿಕಾ, ಅದ್ ನಮ್ಮ ಅಟ್ಟಲೇ ಬೇಕಾದಷ್ಟುಟ್ಟು, ಮೈಸೂರಿಗೆ ಯಾಕೆ ಹೋಕು — ಬೋಜಪ್ಪ ದೊಡ್ಡಪ್ಪ ಹಾಗಂದಾಗ ಜಗಲಿಯೆಲ್ಲ ನಕ್ಕಿತು, ನಾನೂ ನಕ್ಕೆ. ದೂಳು ಹೊಡೆಯುವುದಲ್ಲ ದೊಡ್ಡಪ್ಪ, ಹೊಡೆಯದೆ ಇರುವುದನ್ನು ಕಲಿಸುತ್ತಾರೆ, ನಮ್ಮ ಗೈಡ್ ಮೇಡಂ ಮೊದಲ ಕ್ಲಾಸಿನಲ್ಲೇ ಹೇಳಿದ್ದು, ತೊಳೆಯುವವರು ಮನೆ ಮನೆಯಲ್ಲೂ ಇದ್ದಾರೆ, ತೊಳೆಯದೆ ನೋಡುವವರು ಬೇಕು. ಆ ಮಾತಿಗೇ ನಾನು ಬಿದ್ದದ್ದು, ದೀಪ ಬೇಡ, ದೀಪದ ಮಸಿ ಸಾಕು ಎಂದು ಪ್ರಬಂಧಕ್ಕೆ ವಿಷಯ ಬರೆದುಕೊಟ್ಟದ್ದು, ಮಸಿಯ ಅಡಿಪದರದಲ್ಲಿ ಹರಳೆಣ್ಣೆ ಇರಬಹುದು, ಮೇಲೆ ಕೊಬ್ಬರಿ, ನಡುವೆ ಎಣ್ಣೆಗೆ ಗತಿಯಿಲ್ಲದ ಕಾಲದ ಯಾವುದೋ ಕಾಡುಬೀಜ, ಒಂದು ಮನೆ ಏನನ್ನು ಉರಿಸಿ ಬೆಳಕು ಮಾಡಿಕೊಂಡಿತು ಎನ್ನುವುದು ಪದರ ಪದರವಾಗಿ ಅಲ್ಲೇ ಅಂಟಿತ್ತು, ಸೋಮವಾರ ಲ್ಯಾಬಿನಲ್ಲಿ ನನ್ನ ಸರದಿ, ಅದು ತಪ್ಪಿದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದೆ ಡಿಗ್ರಿಯಿಲ್ಲ, ನನ್ನ ರೂಮಿನ ಚಂದನಾ ಆಗಲೇ ಬೈಂಡ್ ಮಾಡಿಸಿಟ್ಟಿದ್ದಾಳೆ. ನಾನು ಮೇಡಂಗೆ ಏನು ಹೇಳಲಿ, ಮಸಿಯನ್ನು ಮರ ಕುಡಿಯಿತು ಎನ್ನಲೇ. ನಮ್ಮ ಅಡಿಗೆಮನೆ ಹಂಚಿಲಿ ಬೇಕಾದಷ್ಟು ಮಸಿ ಉಟ್ಟು, ಕೆರೆದ್ ಕೊಡ್ನೆ, ಯಾರಿಗೆ ಗೊತ್ತಾದೆ — ಇದು ತೀರ್ಥನ ಸಮಾಧಾನ, ಜೀಪು ಹತ್ತುವಾಗ ಹೇಳಿದ್ದು, ಬೈದೆ, ಆಮೇಲೆ ಹಂಚಿನ ಕಡೆ ಒಮ್ಮೆ ನೋಡಿದೆ ಕೂಡ, ಸುಳ್ಳು ಹೇಳಬಾರದು, ನೋಡಿದೆ.

ಮೈಸೂರಿನ ಬಸ್ಸಿಗೆ ಹೊರಟ ದಾರಿ, ಘಾಟಿಯ ತಿರುವು, ದೀಪದ ಸರಪಳಿ ಮಂಡಿಗೆ ಬಡಿಯುತ್ತದೆ, ಅದೂ ಫಳಫಳ, ಸರಪಳಿಯ ಒಂದೊಂದು ಕೊಂಡಿಯ ಸಂದನ್ನೂ ಬಿಟ್ಟಿಲ್ಲ, ಕಡ್ಡಿಗೆ ಬಟ್ಟೆ ಸುತ್ತಿ ತಿಕ್ಕಿದ್ದಾಳೆ. ಜಗಲಿಯಲ್ಲಿ ಇದನ್ನು ಕಂಡದ್ದೇ ಕಿರುಚಿದೆ, ಏನು ಮಾಡಿದಿರಿ ದೊಡ್ಡಮ್ಮ, ನನ್ನ ಓದೆಲ್ಲ ಹೋಯಿತಲ್ಲ, ಗೊತ್ತಾಗದಿದ್ದರೆ ಕೇಳಬಾರದಿತ್ತೇ. ಅವಳು ಬೆಚ್ಚಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ, ಆ ಕಪ್ಪು ಹೆಬ್ಬೆರಳಿನಿಂದ ಸೆರಗು ಮುಟ್ಟದ ಹಾಗೆ ಕೈ ದೂರ ಹಿಡಿದು ನಿಂತಳು. ಗೊತ್ತಾಗೇ ತೊಳ್ದದ್ ಗೂಡೆ. ಹಿರಿಯವು ಆ ಮಸಿಲಿ ಒಳೊ ತೇಳಿ ನೀನೇ ಹೇಳ್ದಲ್ಲಾ, ಅವುನ ಬಸ್ಸಿಲಿ ಮೈಸೂರಿಗೆ ಕಳ್ಸಿಕೆ ಆದಾ, ಮಸಿ ಮನೆದ್, ದೀಪ ಬೇಕಾರೆ ತಕಂಡ್ ಹೋಗ್. ಹೌದು, ನಾನೇ ಹೇಳಿದ್ದು. ಕೈಲ್‌ಮುಹೂರ್ತದ ಹಬ್ಬಕ್ಕೆ ಬಂದಾಗ, ದೀಪ ಕೊಡಲು ದೊಡ್ಡಪ್ಪ ಹಿಂದೆಮುಂದೆ ನೋಡಿದಾಗ, ಎಲ್ಲರ ಮುಂದೆ ಭಾಷಣ ಬಿಗಿದೆನಲ್ಲ, ನಮ್ಮ ಹಿರಿಯರೆಲ್ಲ ಈ ಮಸಿಯಲ್ಲಿದ್ದಾರೆ ಎಂದು. ದೊಡ್ಡಪ್ಪ ಆಕಳಿಸಿದ್ದ. ದೊಡ್ಡಮ್ಮ ಮಾತ್ರ ಕೇಳಿಸಿಕೊಂಡಿದ್ದಾಳೆ. ಮನೆಯಿಂದ ಒರಳು ಹೋಗಲಿ, ಸೇರು ಹೋಗಲಿ, ಹೊರಗೆ ಕೊಡುವಾಗ ತೊಳೆದು, ಆ ನೀರನ್ನು ಸಂಪಿಗೆ ಬುಡದ ಹಿರಿಯರ ಕಲ್ಲಿಗೆ ಹೊಯ್ಯುವುದು ಅವಳ ಕ್ರಮ, ಸೇರಿಗೆ ಮಾಡುವುದನ್ನು ಹಿರಿಯರೇ ಕೂತಿರುವ ದೀಪಕ್ಕೆ ಮಾಡದೆ ಬಿಡುತ್ತಾಳೆಯೇ. ಮೇಡಂ ಕೂಡ ನನ್ನ ಮಾತನ್ನು ಅಷ್ಟು ನಂಬಿರಲಿಲ್ಲ, ವಾದ ಚೆನ್ನಾಗಿದೆ, ಆಧಾರ ಬೇಕು ಅಂದಿದ್ದರು. ನಂಬಿದವಳು ಇವಳೊಬ್ಬಳು, ನಂಬಿ ತೊಳೆದುಬಿಟ್ಟಳು. ಸಿಟ್ಟು ಯಾರ ಮೇಲೆ ಮಾಡಲಿ, ಊಟ ಬೇಡ ಎಂದು ಎದ್ದು ಬಂದೆ, ಹೊಟ್ಟೆ ಈಗ ಚುರುಗುಟ್ಟುತ್ತಿದೆ.

ಜೀಪಿನ ಹತ್ತಿರ ಓಡಿ ಬಂದಳು, ಕೈ ಇನ್ನೂ ತೊಳೆದಿರಲಿಲ್ಲ, ಬಿಡಿ ದೊಡ್ಡಮ್ಮ ಎಂದು ಮುಖ ತಿರುಗಿಸಿದೆ, ಬಿಡಲಿಲ್ಲ, ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಕೆನ್ನೆಗೆ ಹೆಬ್ಬೆರಳು ಒತ್ತಿದಳು, ಗಟ್ಟಿಯಾಗಿ, ಹಲ್ಲಿಗೆ ತಾಗುವಷ್ಟು. ನೀ ಮನೆದ್ ಗೂಡೆ ಅಲ್ಲಾ, ನಿನ್ನ ಒಟ್ಟಿಗೆ ಹೋದ್ರೆ ಎಂತ ತೊಂದರೆ ಇಲ್ಲೆ. ಮನೆಯ ಹುಡುಗಿಯ ಕೆನ್ನೆಗೆ ಮಸಿಯ ದೃಷ್ಟಿಬೊಟ್ಟು. ನನ್ನ ಪ್ರಬಂಧ ಕೆನ್ನೆಯ ಮೇಲೆ ಕೂತಿದೆ, ಲ್ಯಾಬಿಗೆ ಸಾಸಿವೆ ಕಾಳಿನಷ್ಟಿದ್ದರೆ ಸಾಕು, ಪದರಗಳೇನೂ ಉಳಿದಿಲ್ಲ, ಹುಣಸೆಹುಳಿ, ಬೆವರು, ಎಲ್ಲ ಕಲಸಿಹೋಗಿದೆ, ಆದರೂ ಯಾವ ಎಣ್ಣೆ ಎಂದಾದರೂ ಹೇಳಬಹುದು, ಬ್ಯಾಗಿನಲ್ಲಿ ಸಣ್ಣ ಚಾಕು ಇದೆ, ಪ್ಲಾಸ್ಟಿಕ್ ಚೀಲ ಇದೆ, ಕೆರೆದರೆ ಆಯಿತು. ಕೆರೆದರೆ ಹಿರಿಯರನ್ನು ಕಳಿಸಿದ ಹಾಗಲ್ಲವೇ. ಬೆವರ್ತುಟ್ಟು, ಮೋರೆ ಉಜ್ಜಿಕ, ಎಂದು ತೀರ್ಥ ಟವೆಲ್ ನೀಡುತ್ತಾನೆ, ಬೇಡ, ಬೇಡ ಅಂದೆನಲ್ಲ, ಹಣೆಯಿಂದ ಬೆವರು ಕಿವಿಯ ಪಕ್ಕಕ್ಕೆ ಇಳಿಯುತ್ತಿದೆ, ಇನ್ನೊಂದು ತಿರುವಿಗೆ ಕೆನ್ನೆಗೆ ಬರುತ್ತದೆ, ಕೈ ಎತ್ತಬೇಕು, ಒರೆಸಲೋ ಕೆರೆಯಲೋ, ಕೈ ಏಳುತ್ತಿಲ್ಲ, ಆ ಕಪ್ಪು ಹೆಬ್ಬೆರಳು ಒತ್ತುತ್ತಲೇ ಇದೆ —