ಹಿಂದಿನ ಅಚ್ಚಿನ ಎಣ್ಣೆ

ಬೀದರಿನ ಜಹಗೀರದಾರ ಅಮೀರ ಪಾಶಾ ಅವರಿಗೆ ಊರೂರು ತಿರುಗುವ ಚಟ. ಡೇರೆಯಲ್ಲಿ ಮಲಗಿ ಮಲಗಿ ಬೇಸರವಾದಾಗ ಅವರು ಒಂದು ದೊಡ್ಡ ಲಾರಿಯನ್ನು ಹೈದರಾಬಾದಿನಿಂದ ತರಿಸಿ, ಅದರ ಬೆನ್ನ ಮೇಲೆ ಸಾಗುವಾನಿಯ ಮನೆಯನ್ನೇ ಕಟ್ಟಿಸಿದರು. ಒಳಗೆ ಎರಡು ಮಂಚ, ಹೆಂಗಸರಿಗೆ ಪರದೆ ಇಳಿಬಿಟ್ಟ ಕೋಣೆ, ನೀರಿನ ಹಂಡೆ, ಅಡುಗೆಗೊಂದು ಮೂಲೆ. ಜನ ಅದಕ್ಕೆ ಚಲ್ತಿ ಹವೇಲಿ, ಅಂದರೆ ಓಡಾಡುವ ಮಹಲು, ಎಂದು ಹೆಸರಿಟ್ಟರು. ನಿಜಾಮರ ಸೀಮೆಯ ಆ ಮೂಲೆಯಲ್ಲಿ ಮೋಟಾರು ಕಂಡರೆ ಎತ್ತುಗಳು ಇನ್ನೂ ಬೆದರುತ್ತಿದ್ದ ಕಾಲವದು. ಹವೇಲಿ ಭಾಲ್ಕಿಯ ಸಂತೆಯ ದಿನ ಹಾದುಹೋದರೆ ವ್ಯಾಪಾರವೇ ನಿಂತುಬಿಡುತ್ತಿತ್ತು.

ಅದರ ಚಾಲಕನ ಗಾದಿ ತನಗೇ ಎಂದು ಹಾವಗೆಪ್ಪ ನಂಬಿದ್ದ. ಭಾತಂಬ್ರಾದ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಮೋಟಾರಿನ ಹುಚ್ಚು ಹಿಡಿದು ಬೀದರಿಗೆ ಬಂದು, ಧಣಿಯ ಸಣ್ಣ ಮೋಟಾರನ್ನು ವರುಷಗಟ್ಟಲೆ ಓಡಿಸಿದವನು. ಆದರೆ ದೊಡ್ಡ ಗಾಡಿಯ ಜೊತೆಗೇ ಹೈದರಾಬಾದಿನಿಂದ ನಜಮೋದ್ದೀನನೂ ಬಂದ. ವಯಸ್ಸಿನಲ್ಲಿ ಚಿಕ್ಕವನು, ಹಿತ್ತಾಳೆ ಗುಂಡಿಯ ಖಾಕಿ ಕೋಟು, ಹೊಸಬರೊಡನೆಯೂ ನಕ್ಕು ಮಾತಾಡುವ ಸ್ವಭಾವ. ಸಣ್ಣ ಮೋಟಾರು ಧಣಿಯ ನೆಂಟರ ಪಾಲಾಯಿತು. ಹಾವಗೆಪ್ಪನ ಪಾಲಿಗೆ ಉಳಿದದ್ದು ಗಾಡಿಯ ಹೊಟ್ಟೆಯ ಕೆಳಗಿನ ಕೆಲಸ: ಗ್ರೀಸು ತುಂಬುವುದು, ಎಣ್ಣೆ ಬದಲಿಸುವುದು.

ಮುಂಜಾನೆ ಲಿಂಗಪೂಜೆಗೆ ಕೂತರೂ ಅವನ ಕಿವಿ ಅಂಗಳದಲ್ಲೇ ಇರುತ್ತಿತ್ತು. ನಜಮೋದ್ದೀನ ಹಾರ್ನು ಒತ್ತಿದರೆ ತನ್ನನ್ನೇ ಅಣಕಿಸಿದಂತೆ. ಧಣಿ ಅವನ ಹೆಗಲ ಮೇಲೆ ಕೈ ಇಟ್ಟರೆ ಆ ಕೈಯನ್ನು ತನ್ನ ಹೆಗಲಿನಿಂದಲೇ ಎತ್ತಿ ಅಲ್ಲಿಟ್ಟಂತೆ. ಅಂಥ ದಿನ ಹಾವಗೆಪ್ಪ ಅರ್ಧ ರೊಟ್ಟಿ ಬಿಟ್ಟೇ ಏಳುತ್ತಿದ್ದ.

ಚಳಿಗಾಲದ ಮೊದಲಲ್ಲಿ ಧಣಿ ಔರಾದಿನ ನೆಂಟರ ಮನೆಗೆ ಹೋದರು. ತಮ್ಮ ಹಿಂದೆಯೇ ಹವೇಲಿಯನ್ನು ಭಾಲ್ಕಿಯ ಮೇಲಿಂದ ಅಲ್ಲಿಗೆ ತರಬೇಕೆಂದು ಹೇಳಿದ್ದರು. ನಜಮೋದ್ದೀನನ ಹೆಂಡತಿ ಮರಿಯಮಬೀ ತುಂಬಿದ ಬಸುರಿ. ಅವಳ ತವರು ಔರಾದಿನ ಆಚೆಯ ಡಾಬಕಾ. ಎತ್ತಿನ ಗಾಡಿಯ ಕುಲುಕಾಟ ಬೇಡ, ಅವಳನ್ನೂ ಹವೇಲಿಯಲ್ಲೇ ಕರೆತರಲಿ ಎಂದು ಧಣಿಯೇ ಅಪ್ಪಣೆ ಕೊಟ್ಟಿದ್ದರು. ಮರಿಯಮಬೀ ಹಾವಗೆಪ್ಪನ ಹೆಂಡತಿ ಕಸ್ತೂರಿಬಾಯಿಯನ್ನು ಜೊತೆಗೆ ಕರೆದಳು. ಎರಡೂ ಮನೆಗಳ ಗೋಡೆ ಒಂದೇ. ಹೆಂಗಸರಿಬ್ಬರೂ ಒಂದೇ ಬೀಸುವ ಕಲ್ಲಿಗೆ ಕೂಡುವವರು. ಇಷ್ಟು ವರುಷ ಹಾವಗೆಪ್ಪ ಓಡಿಸಿದ ಮೋಟಾರಿನಲ್ಲಿ ಕಸ್ತೂರಿಬಾಯಿ ಒಮ್ಮೆಯೂ ಕೂತವಳಲ್ಲ. ಈಗ ನಜಮೋದ್ದೀನನ ಹೆಂಡತಿಯ ದಯದಿಂದ ಕೂಡುತ್ತಾಳೆ. ಅದನ್ನು ನೆನೆದಾಗಲೆಲ್ಲ ಹಾವಗೆಪ್ಪನ ಎದೆಯಲ್ಲಿ ಕೆಂಡ ಕದಡಿದಂತಾಗುತ್ತಿತ್ತು.

ಹೊರಡುವ ಹಿಂದಿನ ದಿನ ಹಿಂದಿನ ಅಚ್ಚಿನ ಎಣ್ಣೆ ಬದಲಿಸಬೇಕೆಂದು ನಜಮೋದ್ದೀನ ಹೇಳಿದ. ಹಿಂದಿನ ಗಾಲಿಗಳ ನಡುವೆ, ಅಚ್ಚಿನ ಮಧ್ಯದಲ್ಲಿ, ಕೊಡದಷ್ಟು ದಪ್ಪನೆಯ ಕಬ್ಬಿಣದ ಗುಂಡು ಇರುತ್ತದೆ. ಇಂಜಿನಿನ ಬಲವನ್ನು ಗಾಲಿಗಳಿಗೆ ಹಂಚುವ ಹಲ್ಲುಚಕ್ರಗಳು ಅದರೊಳಗೆ ದಪ್ಪ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಎಣ್ಣೆ ಬಿಸಿಯಾಗಿ ಸಲೀಸಾಗಿ ಹರಿಯಲೆಂದು ನಜಮೋದ್ದೀನ ಗಾಡಿಯನ್ನು ಊರ ಹೊರಗಿನ ತನಕ ಓಡಿಸಿ ತಂದು ನಿಲ್ಲಿಸಿ, ಮನೆಗೆ ಹೋದ.

ಹಾವಗೆಪ್ಪ ಗೋಣಿತಟ್ಟು ಹಾಸಿ ಗಾಡಿಯ ಕೆಳಗೆ ತೂರಿದ. ಗುಂಡಿನ ಮೇಲಿನ ಬೋಲ್ಟನ್ನು ಮೊದಲು ಸಡಿಲಿಸಿದ. ಹಳೆಯದನ್ನು ಸುರಿದಾದ ಮೇಲೆ ಹೊಸದನ್ನು ತುಂಬುವ ಬಾಯಿಯೇ ಬಿಚ್ಚದಿದ್ದರೆ ಗಾಡಿ ಅಲ್ಲೇ ಕೂತೀತು. ಆಮೇಲೆ ಬುಟ್ಟಿಯಗಲದ ತಗಡಿನ ತಟ್ಟೆ ಇಟ್ಟು ಕೆಳಗಿನದನ್ನು ತೆಗೆದ. ಕಾಕಂಬಿಯಂಥ ಕಪ್ಪು ಎಣ್ಣೆ ಘಾಟು ವಾಸನೆಯೊಡನೆ ಇಳಿಯಿತು. ಕೊನೆಯ ಧಾರೆಯಲ್ಲಿ ಏನೋ ಟಣ್ಣೆಂದಿತು. ಬೆರಳಾಡಿಸಿ ನೋಡಿದರೆ ಹುಣಸೆ ಬೀಜದಷ್ಟು ಉಕ್ಕಿನ ಚೂರು. ಒಳಗಿನ ದೊಡ್ಡ ಹಲ್ಲುಚಕ್ರದ ಒಂದು ಹಲ್ಲು ಮುರಿದಿತ್ತು.

ಒಂದು ಹಲ್ಲು ಹೋದರೆ ಪಕ್ಕದವೂ ಉಳಿಯುವುದಿಲ್ಲ. ಈಗ ಹೇಳಿದರೆ ಪ್ರಯಾಣ ನಿಲ್ಲುತ್ತದೆ, ಹೈದರಾಬಾದಿನಿಂದ ಹೊಸ ಚಕ್ರ ಬರುತ್ತದೆ, ನಜಮೋದ್ದೀನನ ಕೋಟಿಗೆ ಒಂದು ಕಲೆಯೂ ಅಂಟುವುದಿಲ್ಲ. ಹೇಳದಿದ್ದರೆ ಗಾಡಿ ನಡುದಾರಿಯಲ್ಲಿ ಕೆಟ್ಟು ನಿಂತು, ಧಣಿಯ ನೆಂಟರೆದುರು ಅವನ ಮಾನ ಹೋಗುತ್ತದೆ. ಹಾವಗೆಪ್ಪ ಚೂರನ್ನು ಒರೆಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಕೆಳಗಿನ ಬೋಲ್ಟನ್ನು ಬಿಗಿದು, ಹೊಸ ಎಣ್ಣೆಯ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ತೆಳುವಾಗಿಸಿ, ಮೇಲಿನ ಬಾಯಿಯಿಂದ ಹೊರಚೆಲ್ಲುವ ತನಕ ತುಂಬಿ ಬಿಗಿದ. ಎಲ್ಲಾ ಸರಿಯಿದೆಯೇ ಎಂದು ನಜಮೋದ್ದೀನ ಮರಳಿ ಬಂದು ಕೇಳಿದಾಗ ಹೂಂ ಎಂದು ತಲೆಯಾಡಿಸಿದ. ನಜಮೋದ್ದೀನ ಬಗ್ಗಿಯೂ ನೋಡಲಿಲ್ಲ. ಆ ನಂಬಿಕೆಯೂ ಹಾವಗೆಪ್ಪನಿಗೆ ಸೊಕ್ಕಿನಂತೆಯೇ ಕಂಡಿತು.

ಮರುದಿನ ಹೊರಡುವಾಗ ಹಾವಗೆಪ್ಪ ಮುಂದೆ ನಜಮೋದ್ದೀನನ ಪಕ್ಕದಲ್ಲಿ ಕೂತ. ಭಾಲ್ಕಿಯವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಭಾಲ್ಕಿ ದಾಟಿದ ಮೇಲೆ ಹಿಂದಿನಿಂದ ಜೇನ್ನೊಣದ ಮೊರೆತದಂಥ ಸದ್ದು ಶುರುವಾಯಿತು. ರಸ್ತೆಯ ಕಲ್ಲಿನ ಸದ್ದಿನಲ್ಲಿ ನಜಮೋದ್ದೀನನಿಗೆ ಅದು ಕೇಳಿಸಲಿಲ್ಲ. ಕಾದು ಕೂತಿದ್ದ ಹಾವಗೆಪ್ಪನಿಗೆ ಕೇಳಿಸಿತು. ಪರದೆಯ ಹಿಂದೆ ಕಸ್ತೂರಿಬಾಯಿ ಏನಕ್ಕೋ ಗಟ್ಟಿಯಾಗಿ ನಕ್ಕಳು. ತನ್ನ ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತೆಂದು ಅವನು ಹಲ್ಲು ಕಚ್ಚಿದ. ಮುಂದೆ ಮಾಂಜರಾ ನದಿಗೆ ಇಳಿಯುವ ಕಡಿದಾದ ದಾರಿ ಕಂಡಿತು. ಅದೇ ಹೊತ್ತಿಗೆ ಮೊರೆತದ ನಡುವೆ ಟಕ್ ಟಕ್ ಎಂದು ಬಡಿತ ಎದ್ದಿತು. ಇಳಿಜಾರಿನಲ್ಲಿ ಹಲ್ಲುಚಕ್ರ ಪೂರ್ತಿ ಮುರಿದರೆ ಇಂಜಿನು ಗಾಡಿಯನ್ನು ತಡೆದು ಹಿಡಿಯುವುದಿಲ್ಲ. ಇಷ್ಟು ಭಾರವನ್ನು ಬರೀ ಬ್ರೇಕು ತಾಳದು. ಈ ಮಾತು ನಿನ್ನೆ ಅವನ ತಲೆಗೆ ಹೊಳೆದಿರಲಿಲ್ಲ. ಹಿಂದಿನಿಂದ ಮತ್ತೆ ನಗು ಕೇಳಿಸಿತು.

"ಭಾಯಿ, ಗಾಡಿ ನಿಂದ್ರಸ್ರಿ," ಅಂದ.

"ಯಾಕಣ್ಣಾ?"

"ನಿಂದ್ರಸ್ರಿ. ಕೆಳಗ ಇಳಿಸಬ್ಯಾಡ್ರಿ."

ಗಾಡಿ ಇಳಿಜಾರಿನ ಮೇಲ್ತುದಿಯಲ್ಲೇ ನಿಂತಿತು. ಹಾವಗೆಪ್ಪ ಜೇಬಿನಿಂದ ಚೂರನ್ನು ತೆಗೆದು ಅವನ ಅಂಗೈಯಲ್ಲಿಟ್ಟ.

"ಇದು ಯಾವಾಗ ಸಿಕ್ತು?"

"ನಿನ್ನಿ. ಎಣ್ಣಿ ತೆಗಿಯೋವಾಗ."

ನಜಮೋದ್ದೀನ ಚೂರನ್ನು ಬೆರಳಲ್ಲಿ ತಿರುಗಿಸಿ ನೋಡಿದ. ಬೈಯಲಿಲ್ಲ, ಕೈ ಎತ್ತಲಿಲ್ಲ. "ಹಿಂದ ನನ್ನ ಹೆಂಡ್ತಿ ಒಬ್ಬಾಕಿನೇ ಇಲ್ಲ ಅಣ್ಣಾ, ನಿಮ್ಮವ್ರೂ ಕೂತಾರ," ಎಂದಷ್ಟೇ ಹೇಳಿ ಕೆಳಗಿಳಿದ.

ಹೆಂಗಸರನ್ನು ಹುಲ್ಲು ಹಾಸಿದ ಎತ್ತಿನ ಗಾಡಿಯಲ್ಲಿ ಕೂರಿಸಿ ನದಿ ದಾಟಿಸಿ ಡಾಬಕಾಕ್ಕೆ ಕಳಿಸಿದರು. ಹತ್ತಿರದ ಹೊಲದವರನ್ನು ಹವೇಲಿಯ ಕಾವಲಿಗಿಟ್ಟು ಗಂಡಸರಿಬ್ಬರೂ ಔರಾದಿಗೆ ಹೋಗಿ ಧಣಿಯ ಮುಂದೆ ನಿಂತರು. ನಜಮೋದ್ದೀನ ಉರ್ದುವಿನಲ್ಲಿ ವಿಷಯ ಹೇಳಿದ. ದಾರಿಯಲ್ಲಿ ಸದ್ದು ಬಂತು, ಎಣ್ಣೆ ತೆಗೆದು ನೋಡಿದೆವು, ಮುರಿದ ಹಲ್ಲು ಸಿಕ್ಕಿತು ಎಂದ. ಹಾವಗೆಪ್ಪನ ಹೆಸರನ್ನೇ ಎತ್ತಲಿಲ್ಲ. ಧಣಿ ಮೆಚ್ಚಿ ನಜಮೋದ್ದೀನನ ಬೆನ್ನು ತಟ್ಟಿದರು.

ಹಾವಗೆಪ್ಪನಿಗೆ ನಿರಾಳವಾಗಬೇಕಿತ್ತು. ಬದಲಿಗೆ ಹೊಟ್ಟೆಯ ಕಿಚ್ಚು ಭುಗಿಲೆಂದಿತು. ಗಾದಿ ಇವನದು, ಧಣಿಯ ಕೈ ಇವನ ಬೆನ್ನ ಮೇಲೆ, ಈಗ ದೊಡ್ಡ ಮನಸ್ಸೂ ಇವನದೇ. ಇನ್ನು ಬದುಕಿರುವ ತನಕ ತಾನು ಇವನ ಋಣದಲ್ಲಿರಬೇಕು. ಅದನ್ನು ಅವನಿಂದ ಸಹಿಸಲಾಗಲಿಲ್ಲ. ಮುಂದೆ ಎಂದಾದರೂ ಈ ಮಾತು ಬಂದರೆ, ಅಂದು ಬಾಯಿ ಬಿಡಿಸಿದ್ದು ಪಶ್ಚಾತ್ತಾಪವಲ್ಲ ಎಂದು ಅವನೇ ಒಪ್ಪಿಕೊಳ್ಳುತ್ತಿದ್ದ.

"ಸರಕಾರ್, ಆ ಹಲ್ಲು ದಾರ್ಯಾಗ ಸಿಕ್ಕಿದ್ದಲ್ಲರಿ. ನಿನ್ನಿ ಬೀದರದಾಗ ನನ್ನ ಕೈಗಿ ಸಿಕ್ಕಿತ್ತು. ಇವ್ರ ಮ್ಯಾಲ ಹೊಟ್ಟಿಕಿಚ್ಚಿತ್ತು, ಮುಚ್ಚಿಟ್ಟೆ."

ಅಮೀರ ಪಾಶಾ ಹುಕ್ಕಾದ ನಳಿಗೆಯನ್ನು ಕೆಳಗಿಟ್ಟರು. ದನಿ ಏರಿಸದೆ, ನೀನು ಇನ್ನು ನನ್ನ ಅಂಗಳಕ್ಕೆ ಬರಬೇಡ ಎಂದರು. ಅಚ್ಚು ಬಿಚ್ಚಲು ಪಳಗಿದ ಇನ್ನೊಂದು ಜೊತೆ ಕೈ ಬೇಕು, ಆ ಕೆಲಸ ಮುಗಿಯುವ ತನಕ ಇರಲಿ ಎಂದು ನಜಮೋದ್ದೀನ ಬೇಡಿಕೊಂಡ. ಧಣಿ ಒಪ್ಪಿದರು.

ಹೊಸ ಚಕ್ರ ಬಂದ ಮೇಲೆ ಇಬ್ಬರೂ ನದಿಯ ದಂಡೆಯಲ್ಲಿ ಅಚ್ಚು ಬಿಚ್ಚಿದರು. ಬೋಲ್ಟು ತಿರುಗಿಸೋ ಪಾನಾ ಕೊಡು, ಹಿಡಿ, ಬಿಡು ಎಂಬುದರಾಚೆಗೆ ಮಾತಿರಲಿಲ್ಲ. ಎಲ್ಲಾ ಜೋಡಿಸಿ ಎಣ್ಣೆ ಹೊಯ್ಯುವಾಗ ಹಾವಗೆಪ್ಪ ತಡೆಯಲಾರದೆ ಕೇಳಿದ: "ಧಣ್ಯಾರ ಮುಂದ ಸುಳ್ಳು ಯಾಕ ಹೇಳಿದ್ರಿ?"

"ನಿಮ್ಮ ಸಲುವಾಗಿ ಅಲ್ಲ," ಎಂದ ನಜಮೋದ್ದೀನ, ಎಣ್ಣೆಯ ಧಾರೆಯಿಂದ ಕಣ್ಣು ತೆಗೆಯದೆ. "ಕಸ್ತೂರಿಬಾಯಿಯವ್ರು ಮರಿಯಮಗ ತಾಯಿ ಹಂಗ ನೋಡ್ಕೊಂಡಾರ. ಅವ್ರ ತಲಿ ತಗ್ಗಬಾರ್ದು ಅಂತ."

ಹಾವಗೆಪ್ಪ ಮೇಲಿನ ಬೋಲ್ಟನ್ನು ಹಾಕಿ ಬಿಗಿದ. ಆ ದಯವೂ ತನ್ನ ಪಾಲಿನದಾಗಿರಲಿಲ್ಲ.

ಮುಂದೆ ಭಾಲ್ಕಿಯ ಸಾಹುಕಾರರೊಬ್ಬರು ಬಾಡಿಗೆ ಮೋಟಾರು ಇಟ್ಟಾಗ ಹಾವಗೆಪ್ಪ ಅದಕ್ಕೆ ಚಾಲಕನಾದ. ಗಂಡ ಹೆಂಡತಿ ಅಲ್ಲಿಗೇ ಮನೆ ಮಾಡಿದರು. ಡಾಬಕಾದಲ್ಲಿ ಮರಿಯಮಬೀ ಹೆಣ್ಣುಮಗುವನ್ನು ಹೆತ್ತ ಸುದ್ದಿ ಬಂದಾಗ ಕಸ್ತೂರಿಬಾಯಿ ಮಗುವಿನ ತಲೆಗೆ ಕುಲಾಯಿ ಹೊಲಿದುಕೊಂಡು ಹೋಗಿ, ಕೆಲವು ದಿನ ಇದ್ದು ಬಂದಳು. ಮಗುವಿನ ಮೂಗು, ಕೂದಲು, ತೊಟ್ಟಿಲಿಗೆ ಕಟ್ಟಿದ ಬಟ್ಟೆಯ ಗಿಳಿ ಎಲ್ಲವನ್ನೂ ಅವಳು ಒಲೆಯ ಮುಂದೆ ಕೂತು ಹೇಳುತ್ತಲೇ ಇದ್ದಳು. ಹಾವಗೆಪ್ಪ ಉಣ್ಣುತ್ತಾ ಕೇಳಿದ. ಕೊನೆಗೆ, ತನ್ನ ಬಗ್ಗೆ ಅಲ್ಲಿ ಯಾರಾದರೂ ಕೇಳಿದರೇ ಎಂದ.

"ಇಲ್ಲರಿ," ಎಂದು ಕಸ್ತೂರಿಬಾಯಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.