ಈಥ್ ಝೀರೋ ಕುರ್ಚಿ

ನಮ್ಮ ಪ್ರೆಸ್ಸಿನ ಹಳೆಯ ಸರ್ವರ್ ಬೆಳಗ್ಗೆ ಒಂದು ಸಲ ಗೊರಕೆ ಹೊಡೆದು ಸುಮ್ಮನಾಯಿತು. ಯಾರೂ ಕಣ್ಣೀರು ಹಾಕಲಿಲ್ಲ. ನನ್ನ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ, ಖುಷಿಯಿಂದ ಕೈ ಉಜ್ಜಿಕೊಂಡರು. ಅವರು ಆರಿಸಿ ತರಿಸಿದ್ದ ಹೊಸ ಯಂತ್ರ ಡಬ್ಬದಿಂದ ಹೊರಗೆ ಬರುವ ಯೋಗ ಕೊನೆಗೂ ಕೂಡಿ ಬಂದಿತ್ತು. ಅದರ ಹೊಟ್ಟೆಯೊಳಗೆ ಒಂದು ನೀಲಿ ದೀಪವಿತ್ತು. ಆ ದೀಪ ಯಾಕೆ ಎಂದು ಕೇಳಿದ್ದಕ್ಕೆ, ಚೆನ್ನಾಗಿ ಕಾಣುತ್ತೆ ಅಂದರು. ಪುಸ್ತಕ ಮುದ್ರಿಸುವವರಿಗೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕೇ?

ಹಳೆಯದರ ಡಿಸ್ಕ್ ಬಿಚ್ಚಿ ಹೊಸದಕ್ಕೆ ಸಿಕ್ಕಿಸಿದರೆ ಮುಗಿಯಿತು, ಮನೆ ಬದಲಾಯಿಸಿದ ಹಾಗೆ ಎಂದು ಅವರೇ ಅಪ್ಪಣೆ ಕೊಡಿಸಿದರು. ಮನೆ ಬದಲಾಯಿಸುವಾಗ ಸಾಮಾನು ಹೊತ್ತವರಲ್ಲ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಸಿಕ್ಕಿಸಿದವನು ನಾನು. ಪ್ರೆಸ್ಸಿನಲ್ಲಿ ನನ್ನ ಹುದ್ದೆಯ ಹೆಸರು ಅಳಿಯ. ಕಂಪ್ಯೂಟರ್ ಕೆಟ್ಟರೂ ಅಳಿಯ, ಮುಖಪುಟದ ಬಣ್ಣ ಕೆಟ್ಟರೂ ಅಳಿಯ. ಮಾತಾಡಲು ಮಾತ್ರ ಅಳಿಯನಿಗೆ ಅವಕಾಶವಿಲ್ಲ.

ಅದಕ್ಕೆ ಕಾರಣ ಒಂದು ಕುರ್ಚಿ. ಪ್ರೆಸ್ಸಿನ ಯಜಮಾನರು ನನ್ನ ಮಾವ. ಅವರ ಕೋಣೆಯಲ್ಲಿ ಎರಡೇ ಕುರ್ಚಿ. ಒಂದರಲ್ಲಿ ಮಾವ. ಇನ್ನೊಂದು ಅವರ ಅಣ್ಣ, ನಮ್ಮ ದೊಡ್ಡ ಮಾವನದು. ಮಾವನಿಗೆ ಕಾಗದ, ಗಿರಾಕಿ, ವ್ಯವಹಾರ ಗೊತ್ತಿತ್ತು. ಬಣ್ಣ ಗೊತ್ತಿದ್ದದ್ದು ಅಣ್ಣನಿಗೆ. ಅಚ್ಚಿನ ಮೊದಲ ಹಾಳೆ ಬಂದ ಕೂಡಲೇ ಮಾವ ಅದನ್ನು ಅಣ್ಣನ ಕಡೆ ಹಿಡಿಯುತ್ತಿದ್ದರು, ಅಣ್ಣ ಹ್ಞೂಂ ಅಂದರೆ ಮಷಿನ್ ಓಡುತ್ತಿತ್ತು. ದೊಡ್ಡ ಮಾವ ತೀರಿಕೊಂಡು ವರ್ಷಗಳೇ ಆಗಿವೆ. ಮಾವ ಈಗಲೂ ಮೊದಲ ಹಾಳೆಯನ್ನು ಆ ಖಾಲಿ ಕುರ್ಚಿಯ ಕಡೆ ಹಿಡಿಯುತ್ತಾರೆ, ಸ್ವಲ್ಪ ಹೊತ್ತು ಕಾಯುತ್ತಾರೆ, ಆಮೇಲೆ ಓಡಿಸಿ ಅನ್ನುತ್ತಾರೆ. ಕುರ್ಚಿ ಇದುವರೆಗೆ ಒಂದು ಹಾಳೆಯನ್ನೂ ಬೇಡ ಅಂದಿಲ್ಲ. ಹಾಗಾಗಿ ಹೋದ ತಿಂಗಳು ಒಬ್ಬ ಗಂಭೀರ ಪ್ರಾಧ್ಯಾಪಕರು ತಮ್ಮ ಪುಸ್ತಕದ ಹಿಂಬದಿಯ ಫೋಟೋದಲ್ಲಿ ಟೊಮ್ಯಾಟೊ ಬಣ್ಣದಲ್ಲಿ ನಗುತ್ತಾ ಹೊರಬಂದರು. ಬಾಗಿಲ ಪಕ್ಕ ನಿಂತಿದ್ದ ನಾನು ಕೆಂಪು ಜಾಸ್ತಿಯಾಯಿತು ಎಂದಿದ್ದೆ. ನಿಂತವರ ಮಾತು ಆ ಕೋಣೆಯಲ್ಲಿ ಮೇಜಿನವರೆಗೆ ತಲುಪುವುದಿಲ್ಲ.

ಇನ್ನೊಂದು ಪ್ರೆಸ್ಸಿನವರು ಬಣ್ಣ ನೋಡಿಕೊಳ್ಳಲು ನನ್ನನ್ನು ಕರೆದಿದ್ದರು. ಆ ದಿನ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಹೆಂಡತಿ ಬೆಳಗ್ಗೆಯೇ ತೀರ್ಪು ಕೊಟ್ಟಿದ್ದಳು.

"ನಮ್ಮಪ್ಪ ನಿಮಗೆ ಕೂರೋಕೆ ಜಾಗ ಕೊಡಲ್ಲ. ನನಗಿಂತ ಚೆನ್ನಾಗಿ ಅವರು ಯಾರಿಗೆ ಗೊತ್ತು? ಕೊಡೋರ ಹತ್ರ ಹೋಗಿ."

ಹೋಗಲು ನನಗೆ ಮನಸ್ಸಿರಲಿಲ್ಲ. ನಮ್ಮ ಪ್ರೆಸ್ಸೆಂದರೆ ನನಗೆ ಪ್ರಾಣ. ಆದರೆ ಬಾಗಿಲ ಪಕ್ಕದ ಗೋಡೆಯಲ್ಲಿ ನನ್ನ ಬೆನ್ನಿನ ಗುರುತು ಮೂಡಿಬಿಟ್ಟಿತ್ತು.

ಹೊಸ ಯಂತ್ರವೇನೋ ಎದ್ದಿತು. ನೀಲಿ ದೀಪವೂ ಉರಿಯಿತು. ನೆಟ್‌ವರ್ಕ್ ಮಾತ್ರ ಸತ್ತಿತ್ತು. ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್. ಒಂದು ಇಂಟರ್ನೆಟ್ಟಿಗೆ, ಇನ್ನೊಂದು ಅಚ್ಚಿನ ಪ್ಲೇಟ್ ಮಾಡುವ ಮಷಿನ್‌ಗೆ. ಎರಡೂ ಬಾಯಿ ಬಿಡುತ್ತಿರಲಿಲ್ಲ. ಮಕ್ಕಳ ಪುಸ್ತಕದ ಮುಖಪುಟವೊಂದು ಪ್ಲೇಟಿಗಾಗಿ ಕಾದು ಕುಳಿತಿತ್ತು. ಷಡ್ಡಕರು ನೋಡಿದ ಕೂಡಲೇ ಕೇಬಲ್ಲೇ ಕೆಟ್ಟಿದೆ ಎಂದು ಘೋಷಿಸಿದರು. ಕೇಬಲ್ ಬದಲಾಯಿತು. ಬದಲಾಯಿಸಿದ ಕೇಬಲ್ಲೂ ಬದಲಾಯಿತು. ಆಮೇಲೆ ಅವರು ಯಂತ್ರವನ್ನು ಆರಿಸಿ, ಹಚ್ಚಿ, ಮತ್ತೆ ಆರಿಸಿ, ಹಚ್ಚಿ, ತಾಂತ್ರಿಕ ಶಿಕ್ಷಣದ ಮರ್ಯಾದೆ ಕಾಪಾಡಿದರು.

ಅವರು ಹೊಸ ಕೇಬಲ್ ತರಲು ಹೋದಾಗ ನಾನು ಯಂತ್ರವನ್ನೇ ಕೇಳಿದೆ, ನಿನ್ನಲ್ಲಿ ಯಾವ ಕಾರ್ಡುಗಳಿವೆ ಎಂದು. ಈಥ್ ಟೂ, ಈಥ್ ತ್ರೀ ಅಂದಿತು. ಕಾರ್ಡುಗಳಿಗೆ ಯಂತ್ರ ಸೊನ್ನೆಯಿಂದ ಎಣಿಸಿ ಕೊಡುವ ಹೆಸರುಗಳು ಅವು. ನಮ್ಮ ಸೆಟ್ಟಿಂಗ್ ಎಲ್ಲ ಇದ್ದದ್ದು ಈಥ್ ಝೀರೋ, ಈಥ್ ಒನ್ ಹೆಸರಿನಲ್ಲಿ. ಇರುವುದು ಎರಡೇ ಕಾರ್ಡು, ಮೊದಲ ಎರಡು ಹೆಸರು ಎಲ್ಲಿ ಹೋದವು ಎಂದು ಹುಡುಕಿದರೆ ಸಿಕ್ಕಿಬಿತ್ತು. ಡಿಸ್ಕಿನೊಳಗಿನ ಒಂದು ಫೈಲಿನಲ್ಲಿ ಹಳೆಯ ಕಾರ್ಡುಗಳ ಗುರುತು ಬರೆದು, ಝೀರೋ ಮತ್ತು ಒನ್ ಇವರಿಗೇ ಮೀಸಲು ಎಂದು ಇಟ್ಟಿತ್ತು. ಆ ಕಾರ್ಡುಗಳು ಹಳೆಯ ಯಂತ್ರದ ಜೊತೆ ಹಿತ್ತಿಲಿನ ಕಸದ ಪಕ್ಕ ಬಿದ್ದಿದ್ದವು.

ಅಷ್ಟರಲ್ಲಿ ಮಾವ ಬಂದು ಹಿಂದೆ ನಿಂತರು. ಏನಾಗಿದೆ ಎಂದು ಕೇಳಿದರು.

"ಹಳೇ ಕಾರ್ಡುಗಳು ವಾಪಸ್ ಬರ್ತವೆ ಅಂತ ಅವುಗಳ ಜಾಗ ಕಾಯ್ತಾ ಇದೆ, ಮಾವ. ಬಂದಿರೋ ಹೊಸವನ್ನ ಹಿಂದೆ ನಿಲ್ಲಿಸಿದೆ."

ಬೇಕೆಂದೇ ಹಾಗೆ ಹೇಳಿದೆನೇ? ಇಲ್ಲ, ಆಣೆ ಮಾಡಿ ಹೇಳಬಲ್ಲೆ, ಇದ್ದದ್ದೇ ಹಾಗೆ. ಬಾಯಿಂದ ಬಿದ್ದ ಮೇಲೆಯೇ ನನಗೆ ಆ ಖಾಲಿ ಕುರ್ಚಿ ನೆನಪಾಯಿತು. ಮಾವ ಬಗ್ಗಿ ಪರದೆಯ ಮೇಲಿನ ಸಾಲು ಓದಿದರು.

"ಆ ಸಾಲು ಅಳಿಸಿಬಿಟ್ರೆ ಹಳೇದಕ್ಕೆ ಏನಾದ್ರೂ ಆಗುತ್ತಾ?" ಅಂದರು.

"ಅದಕ್ಕೆ ಆಗೋದೆಲ್ಲ ಆಗಿಹೋಗಿದೆ, ಮಾವ."

ಅವರು ಕೋಣೆಗೆ ಹೋದರು. ನಾನು ಆ ಸಾಲುಗಳನ್ನು ಅಳಿಸಿ ಯಂತ್ರವನ್ನು ಎಬ್ಬಿಸಿದೆ. ಹೊಸ ಕಾರ್ಡುಗಳು ಝೀರೋ ಮತ್ತು ಒನ್ ಆಗಿ ಎದ್ದವು, ಆದರೆ ಅದಲುಬದಲಾಗಿ. ಪ್ಲೇಟ್ ಮಷಿನ್‌ನ ಕೇಬಲ್ ಇಂಟರ್ನೆಟ್ ಕಾರ್ಡಿಗೆ ಬಂದಿತ್ತು. ಎರಡೂ ಕೇಬಲ್‌ಗಳನ್ನು ಕಿತ್ತು ಆಚೀಚೆ ಸಿಕ್ಕಿಸುತ್ತಿದ್ದೆ, ಆ ಘಳಿಗೆಗೇ ಷಡ್ಡಕರು ಒಳಗೆ ಬಂದರು. ಪ್ಲೇಟ್ ಮಷಿನ್ ಗುರ್ ಎಂದಿತು.

"ನಾನು ಮೊದಲೇ ಹೇಳಿದ್ನಲ್ಲ," ಅಂದರು, "ಕೇಬಲ್ಲೇ."

ಕೆಲವರ ಜಾತಕವೇ ಹಾಗಿರುತ್ತದೆ. ನಾನು ಸುಮ್ಮನೆ ಇನ್ನು ಮುಂದೆ ಹೆಸರು ಅದಲುಬದಲಾಗದಂತೆ ಬರೆದಿಟ್ಟು ಎದ್ದೆ.

ಅಚ್ಚಿನ ಮಷಿನ್ ನೋಡಿಕೊಳ್ಳುವ ಮೇಸ್ತ್ರಿ ಮುಖಪುಟದ ಮೊದಲ ಹಾಳೆ ತಂದರು. ಹಾಳೆಯ ತುಂಬ ಒಂದು ಆನೆ. ನಾನು ಅಭ್ಯಾಸದಂತೆ ಬಾಗಿಲ ಪಕ್ಕ ನಿಂತೆ. ಕಿಸೆಯಲ್ಲಿ ಫೋನು ನಡುಗುತ್ತಿತ್ತು, ಸಂಜೆಯಾಗುತ್ತಾ ಬಂದಿತ್ತಲ್ಲ. ಷಡ್ಡಕರು ಮೇಜಿನ ಹತ್ತಿರ ನಿಂತು ಕೇಬಲ್ಲಿನ ಕಥೆ ಶುರುಮಾಡಿದ್ದರು. ಮಾವ ಹಾಳೆಯನ್ನು ಕುರ್ಚಿಯ ಕಡೆ ಹಿಡಿದರು. ಕಾದರು. ಓಡಿಸಿ ಅನ್ನಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಆ ಕುರ್ಚಿಯ ಕೈಗಳನ್ನು ಒರೆಸಿದರು.

"ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ."

ಷಡ್ಡಕರು ಒಂದು ಹೆಜ್ಜೆ ಮುಂದಿಟ್ಟರು. ಮಾವ ನೋಡುತ್ತಿದ್ದದ್ದು ನನ್ನನ್ನು. ಹೋಗಿ ಕುಳಿತೆ. ವರ್ಷಗಟ್ಟಲೆ ಆಸೆಪಟ್ಟ ಕುರ್ಚಿ ಕಟಕಟ ಅಲ್ಲಾಡುತ್ತಿತ್ತು, ಒಂದು ಕಾಲು ಗಿಡ್ಡ. ಫೋನನ್ನು ಹೊರಗೆ ತೆಗೆಯದೆಯೇ ಆರಿಸಿದೆ. ಹೆಂಡತಿಗೆ ಏನು ಹೇಳಬೇಕು ಎಂದು ಯೋಚಿಸುತ್ತಾ ಮನಸ್ಸಿನಲ್ಲೇ ಮೀಸೆ ತಿರುವುತ್ತಿದ್ದೆ.

ಮಾವ ಕನ್ನಡಕ ಮೇಲೇರಿಸಿ, ಆನೆಯನ್ನು ಬೆಳಕಿಗೆ ಹಿಡಿದರು. ಕಣ್ಣು ಹಾಳೆಯ ಮೇಲೇ ಇತ್ತು. ನನ್ನ ಕಡೆ ತಿರುಗದೆ ಕೇಳಿದರು:

"ಏನಂತೀಯಣ್ಣ, ಕೆಂಪು ಜಾಸ್ತಿ ಆಯ್ತಾ?"

ಷಡ್ಡಕರು ಕೆಮ್ಮಿದರು. ಮೇಸ್ತ್ರಿ ನೆಲ ನೋಡಿದರು. ನಾನು ಯಾರೆಂದು ನೆನಪು ಮಾಡಿಕೊಡಬಹುದಿತ್ತು.

"ಹ್ಞೂಂ," ಅಂದೆ, "ಸ್ವಲ್ಪ ಕಮ್ಮಿ ಮಾಡಿಸು."

ಮಾವ ಹಾಳೆಯನ್ನು ಮೇಸ್ತ್ರಿಗೆ ವಾಪಸ್ ಕೊಟ್ಟರು.