ವರ್ಪೆಟ್ ಹಾಕಿದ ಬೆಸುಗೆ

ಆರ್ಪಿನೆ ಗಾಗಿಕ್‌ನ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದವಳು ಇಳಿಯಲೇ ಇಲ್ಲ. ಕೂತಲ್ಲಿಂದಲೇ ಡ್ಯಾಶ್‌ಬೋರ್ಡಿನತ್ತ ಬೆರಳು ಮಾಡಿದಳು. ಎಂಜಿನ್ ಗುರುತಿನ ಹಳದಿ ದೀಪ ಮತ್ತೆ ಉರಿಯುತ್ತಿತ್ತು.

"ಗಾಗಿಕ್, ಹೊಸ ಸೆನ್ಸರ್ ಹಾಕಿ ಐದು ದಿನಾನೂ ಆಗಿಲ್ಲ. ಈ ದೀಪ ನನ್ನ ಗಂಡನ ಹಾಗೇ, ಯಾರ ಮಾತೂ ಕೇಳಲ್ಲ."

"ಇಳೀರಿ ಅಕ್ಕಾ, ಕಾಫಿ ಕುಡೀರಿ. ನೋಡ್ತೀನಿ."

"ಈ ವಾರ ಹೊಗೆ ಪರೀಕ್ಷೆ ಪಾಸಾಗದಿದ್ರೆ ಗಾಡಿ ರಸ್ತೆಗಿಳಿಸೋ ಹಾಗಿಲ್ಲ. ಅಮ್ಮನ್ನ ಡಯಾಲಿಸಿಸ್‌ಗೆ ನಿನ್ನ ಹೆಗಲ ಮೇಲೆ ಕೂರಿಸಿಕೊಂಡು ಹೋಗ್ತೀಯಾ?"

ಗಾಗಿಕ್‌ಗೆ ಇರಿಸುಮುರಿಸಾಯಿತು. ಅಮೆರಿಕದ ಗ್ಲೆಂಡೇಲಿನಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದವನು. ಹೊಗೆ ಪರೀಕ್ಷೆ ಮಾಡಿ ಪಾಸ್ ಎಂದು ಸರ್ಕಾರಕ್ಕೆ ಬರೆದುಕೊಡುವ ಲೈಸೆನ್ಸ್ ಇದ್ದವನು. ಅವನ ಸಹಿಯನ್ನು ಇಡೀ ಬೀದಿ ಕಣ್ಣು ಮುಚ್ಚಿಕೊಂಡು ನಂಬುತ್ತಿತ್ತು.

ಸ್ಕ್ಯಾನರ್ ಜೋಡಿಸಿದ. ಈ ಸಲದ ದೂರು ಸೆನ್ಸರಿನದಲ್ಲ, ಹೊಗೆ ಶುದ್ಧ ಮಾಡುವ ಕನ್ವರ್ಟರ್ ಡಬ್ಬದ್ದು. ಆ ಡಬ್ಬಕ್ಕೆ ಮುಂದೊಂದು, ಹಿಂದೊಂದು ಸೆನ್ಸರ್ ಇರುತ್ತದೆ. ಮೊನ್ನೆ ಅವನು ಬದಲಿಸಿದ್ದು ಹಿಂದಿನದನ್ನು. ಮುಂದಿನದರ ಗೆರೆ ಕುಣಿಯಬೇಕು, ಹಿಂದಿನದು ಸುಮ್ಮನಿರಬೇಕು. ಪರದೆಯ ಮೇಲೆ ಎರಡೂ ಜೋಡಿಯಾಗಿ ಕುಣಿಯುತ್ತಿದ್ದವು. ಅಂದರೆ ಹೊಗೆ ಒಳಗೆ ಹೋದ ಹಾಗೇ ಹೊರಗೆ ಬರುತ್ತಿತ್ತು.

ಗಾಡಿ ಎತ್ತಿ, ಪೈಪು ತಣ್ಣಗಾದ ಮೇಲೆ ಸೆನ್ಸರ್ ಬಿಚ್ಚಿ, ಆ ತೂತಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿದ. ಜೇನುಗೂಡಿನಂಥ ಜಾಲರಿ ಕಾಣಬೇಕಿದ್ದ ಜಾಗದಲ್ಲಿ ಬರೀ ತಗಡಿನ ಗೋಡೆ. ಡಬ್ಬ ಖಾಲಿ!

ಕಳ್ಳರ ಕೆಲಸ ಎಂದುಕೊಂಡ. ಆ ಜಾಲರಿಗೆ ಬಳಿದ ಲೋಹಕ್ಕೆ ಚಿನ್ನದ ಬೆಲೆ. ಆದರೆ ಕಳ್ಳರು ಡಬ್ಬವನ್ನೇ ಕತ್ತರಿಸಿಕೊಂಡು ಓಡುತ್ತಾರೆ. ತಿರುಳು ತೆಗೆದು, ನೀಟಾಗಿ ಮುಚ್ಚಿ ಹೋಗುವ ವ್ಯವಧಾನ ಯಾವ ಕಳ್ಳನಿಗಿದೆ? ಡಬ್ಬದ ಮೇಲ್ಭಾಗವನ್ನು ತಡಕಿದ. ಬೆರಳಿಗೆ ಬೆಸುಗೆ ಸಿಕ್ಕಿತು. ಟಾರ್ಚು ಬಿಟ್ಟು ನೋಡಿದ. ಬೆಸುಗೆಯ ಗೆರೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಹೆರಳು ಹೆಣೆದಂತೆ.

ಹಾಗೆ ಬೆಸೆಯುವವರು ಅವನಿಗೆ ಗೊತ್ತಿದ್ದಂತೆ ಇಬ್ಬರೇ. ಒಬ್ಬ ತಾನು. ಇನ್ನೊಬ್ಬರು, ಅರ್ಮೇನಿಯದ ಯೆರೆವಾನಿನಲ್ಲಿ ತನ್ನ ಕೈ ಹಿಡಿದು ಕಸುಬು ಕಲಿಸಿದ ಜಾವೆನ್. ಅಂಥ ಗುರುವನ್ನು ಅಲ್ಲಿನ ಜನ ವರ್ಪೆಟ್ ಎಂದು ಕರೆದು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾದ ಮುದುಕರನ್ನು ಹೋದ ವರ್ಷ ಗಾಗಿಕ್‌ನೇ ಕರೆಸಿಕೊಂಡಿದ್ದ. ಭಾನುವಾರ ಗ್ಯಾರೇಜಿನ ಬೀಗದಕೈ ಅವರ ಬಳಿಯೇ ಇರುತ್ತಿತ್ತು.

ವರ್ಪೆಟ್ ಕಳ್ಳರೇ?

ಮುದುಕರು ಬಾಗಿಲ ಬಳಿ ನಾರ್ದಿ ಎಂಬ ಪಗಡೆಯಾಟದ ಹಲಗೆ ಹರಡಿಕೊಂಡು ಒಬ್ಬರೇ ದಾಳ ಉರುಳಿಸುತ್ತಿದ್ದರು.

"ವರ್ಪೆಟ್, ಆರ್ಪಿನೆ ಗಾಡಿ ಡಬ್ಬ ಖಾಲಿ ಮಾಡಿದ್ದು ನೀವಾ?"

"ಮತ್ತಿನ್ಯಾರು?" ಮುದುಕರ ಮುಖ ಅರಳಿತು. "ಪಾಪ, ಉಸಿರು ಕಟ್ಟಿತ್ತು ಅದಕ್ಕೆ. ಊರಲ್ಲಿ ಯಾವ ಗಾಡಿ ಬಂದ್ರೂ ಮೊದಲು ಆ ದರಿದ್ರ ಕಿತ್ತು ಬಿಸಾಕ್ತಿದ್ವಲ್ಲ, ಮರೆತೆಯಾ? ಹಿಂದಿನ ಸೆನ್ಸರ್‌ಗೆ ಗೊತ್ತಾಗದಿರಲಿ ಅಂತ ಬುಡಕ್ಕೆ ಒಂದು ಹಿತ್ತಾಳೆ ಕೊಳವೆ ತೊಡಿಸಿ ಹೊಗೆಯಿಂದ ದೂರ ಇಟ್ಟಿದ್ದೆ. ಅದನ್ನೂ ಎಸೆದ್ಯೇನೋ ಕತ್ತೆ?"

ಎಸೆದಿದ್ದ. ಮಸಿ ಮೆತ್ತಿಕೊಂಡು ಹಳೆಯ ಸೆನ್ಸರಿಗೇ ಕಚ್ಚಿಕೊಂಡಿದ್ದ ಕೊಳವೆಯನ್ನು ನೋಡದೆ, ಎರಡನ್ನೂ ಒಟ್ಟಿಗೇ ಕಸಕ್ಕೆ ಹಾಕಿದ್ದ.

"ತೆಗೆದದ್ದನ್ನ ಯಾರಿಗೆ ಮಾರಿದ್ರಿ?"

"ಮಾರೋದಾ? ಆ ಕಸಾನ ಯಾರು ಕೊಳ್ತಾರೋ?"

ಮುದುಕರು ನಗುತ್ತಾ ಅವನ ತೋಳು ಹಿಡಿದು ಗ್ಯಾರೇಜಿನ ಹಿಂದಕ್ಕೆ ಎಳೆದೊಯ್ದರು. ಬಿಸಿಲಿಗೆ ಸಾಲಾಗಿ ಕಾಮಕಸ್ತೂರಿಯ ಕುಂಡಗಳು. ಒಂದರ ಮಣ್ಣನ್ನು ತಳದವರೆಗೆ ಕೆದಕಿ ತೋರಿಸಿದರು. ಜಾಲರಿಯ ಬೂದು ಚೂರುಗಳು!

"ನೀರು ನಿಲ್ಲಲ್ಲ, ಬೇರು ಕೊಳೆಯಲ್ಲ. ಗಾಡಿಗೊಂದು ಕುಂಡ."

ಗಾಗಿಕ್ ಎಣಿಸಿದ. ಹದಿನಾಲ್ಕು. ಗುರು ಕಳ್ಳರಲ್ಲ ಎಂದು ಜೀವ ಹಗುರಾಗಬೇಕಿತ್ತು, ಆಗಲಿಲ್ಲ. ಕೊಳವೆಗೆ ಮೋಸಹೋದ ಸೆನ್ಸರನ್ನು ನಂಬಿ ಅವುಗಳಲ್ಲಿ ಅರ್ಧಕ್ಕರ್ಧ ಗಾಡಿಗಳಿಗೆ ಪಾಸ್ ಎಂದು ಸಹಿ ಹಾಕಿದವನು ಅವನೇ. ಇದು ಹೊರಬಿದ್ದರೆ ಲೈಸೆನ್ಸ್ ಹೋಗುತ್ತದೆ. ಮುಚ್ಚಿಟ್ಟರೆ, ಆರ್ಪಿನೆಯ ಮುಖವನ್ನು ನೋಡುವುದು ಹೇಗೆ?

ಅಷ್ಟರಲ್ಲಿ ಆರ್ಪಿನೆ ಕಾಫಿ ಬಟ್ಟಲು ಹಿಡಿದುಕೊಂಡು ಅಲ್ಲಿಗೇ ಬಂದಳು. "ಏನಂತೋ ಗಾಗಿಕ್? ಪ್ರೇತ ಕಂಡವನ ಹಾಗೆ ನಿಂತಿದೀಯಾ."

ಗಾಗಿಕ್ ಮುದುಕರಿಗೆ ಅಡ್ಡವಾಗಿ ನಿಂತ. "ಡಬ್ಬದ ಒಳಗಿಂದು ಇಲ್ಲ ಅಕ್ಕಾ. ನಾನೇ ತೆಗೆದಿದ್ದೆ. ತಪ್ಪು ನಂದು. ನಾಳೆಯೊಳಗೆ ಹೊಸದು ಹಾಕಿಕೊಡ್ತೀನಿ."

ಆರ್ಪಿನೆ ದಂಗಾದಳು. ಅವಳಿಗಿಂತ ಹೆಚ್ಚು ದಂಗಾದವರು ವರ್ಪೆಟ್. ಎಪ್ಪತ್ತೆರಡರ ಮುದುಕರು ಮಣ್ಣಿನ ಕೈ ಕೊಡವಿಕೊಂಡು ಮುಂದೆ ಬಂದರು.

"ಏನಂದೆ? ನೀನು ತೆಗೆದ್ಯಾ? ನಾಚಿಕೆ ಆಗಲ್ವೇನೋ? ಭಾನುವಾರ ಒಂದೂ ಬಿಡದೆ ದುಡಿದೋನು ನಾನು, ಹೆಸರು ಮಾತ್ರ ನಿಂಗಾ?"

"ವರ್ಪೆಟ್, ಸುಮ್ಮನಿರಿ..."

"ಯಾಕೆ ಸುಮ್ಮನಿರ್ಲಿ?" ಅವರು ಆರ್ಪಿನೆಯತ್ತ ತಿರುಗಿ ಎದೆ ತಟ್ಟಿಕೊಂಡರು. "ಹದಿನಾಲ್ಕೂ ನಂದೇ ಕೆಲಸ ಮಗಳೇ. ಬೇಕಾದ್ರೆ ಬರೆದು ಸಹಿ ಹಾಕಿ ಕೊಡ್ತೀನಿ, ಕಾಗದ ತಾ."